ಹಿಡಿದದ್ದು ಬಿಡದ ಬೋರ್ಡು

ನಮ್ಮ ಊರಿನಲ್ಲಿ ಮಿಕ್ಸಿ ಹಾಕುವ ಮೊದಲು ಪಕ್ಕದ ಮನೆಗೆ ಕೇಳುವ ಹಾಗೆ ಕೂಗಬೇಕು. "ಚಟ್ನಿ ರುಬ್ಕೋತೀನ್ರೀ" ಅಂದರೆ ಆ ಮನೆಯವರು ಫ್ಯಾನು ಆರಿಸಿ "ಹ್ಞೂಂ, ರುಬ್ಕೊಳ್ಳಿ" ಅನ್ನುತ್ತಾರೆ. ಕೂಗದೆ ಹಾಕಿದರೆ ಅವರ ಫ್ಯಾನು ಸುಸ್ತಾಗಿ ನಿಲ್ಲುತ್ತದೆ, ಆ ಮನೆಯಾಕೆ ಬಾಗಿಲಿಗೆ ಬಂದು ನಿಮ್ಮ ವಂಶದವರನ್ನೆಲ್ಲ ಒಬ್ಬೊಬ್ಬರಾಗಿ ನೆನೆಯುತ್ತಾಳೆ. ಯಾಕೆಂದರೆ ಈ ಊರಿಗೆಲ್ಲ ಸೇರಿ ತಿರುಗಾಟ ಇಷ್ಟೇ ಎಂದಿದೆ. ಒಂದು ಕಡೆ ಜೋರಾಗಿ ತಿರುಗಿದರೆ ಇನ್ನೊಂದು ಕಡೆ ನಿಧಾನವಾಗುತ್ತದೆ, ಅದೂ ತೀರಾ ಹತ್ತಿರದ್ದು ಮೊದಲು. ದೀಪ ಉರಿಯುವುದಕ್ಕೆ ತೊಂದರೆಯಿಲ್ಲ, ಒಲೆ ಕಾಯುವುದಕ್ಕೆ ತೊಂದರೆಯಿಲ್ಲ. ತಿರುಗುವುದಕ್ಕೆ ಮಾತ್ರ ಈ ಪಾಡು. ಹೊಲಿಗೆ ಮೆಷಿನ್ನು, ಬೀಸುವ ಕಲ್ಲು, ಮಕ್ಕಳ ಬುಗುರಿ, ಎಲ್ಲದಕ್ಕೂ ಇದೇ ಕಾನೂನು. ಭೂಷಣಯ್ಯನವರ ಹಿಟ್ಟಿನ ಗಿರಣಿಯ ಮುಂದೆ ಸೈಕಲ್ಲಿನವರೆಲ್ಲ ಇಳಿದು ತಳ್ಳಿಕೊಂಡು ಹೋಗುತ್ತಾರೆ, ಚಕ್ರ ಏಳುವುದಿಲ್ಲ ಅಂತ. ಹೊರಗಿನಿಂದ ಬಂದವರು ಅದನ್ನು ನೋಡಿ ಯಜಮಾನರಿಗೆ ಏನು ಮರ್ಯಾದೆ ಅಂದುಕೊಳ್ಳುತ್ತಾರೆ. ಬರಬರುತ್ತಾ ಭೂಷಣಯ್ಯನವರೂ ಹಾಗೆಯೇ ಅಂದುಕೊಂಡುಬಿಟ್ಟಿದ್ದರು.

ನನ್ನ ಹೆಸರು ಚೂಡಾಮಣಿ. ಆ ಗಿರಣಿಯ ಹಿಂದಿನ ಬೀದಿಯಲ್ಲಿ ಹೆಂಗಸರ ಬ್ಯೂಟಿ ಪಾರ್ಲರ್ ಇಟ್ಟುಕೊಂಡಿದ್ದೇನೆ. ಮುಂದಿನ ಕೋಣೆ ಪಾರ್ಲರು, ಹಿಂದಿನ ಕೋಣೆಯಲ್ಲಿ ನಾನು ಮತ್ತು ನನ್ನ ಅತ್ತೆ ನಿಂಗಾಜಮ್ಮ. ಗಂಡ ತೀರಿಕೊಂಡ ಮೇಲೆ ನಾವಿಬ್ಬರೇ. ಗಿರಣಿ ಬೆಳಗಿನ ಜಾವಕ್ಕೆ ಶುರುವಾದರೆ ನಡುಮಧ್ಯಾಹ್ನದವರೆಗೂ ಓಡುತ್ತದೆ, ಅಲ್ಲಿಯವರೆಗೆ ನಮ್ಮ ಬೀದಿಯಲ್ಲಿ ಒಂದು ರೆಕ್ಕೆ ಅಲ್ಲಾಡುವುದಿಲ್ಲ. ಪಕ್ಕದ ಮನೆಗೆ ಕೂಗಿ ಪ್ರಯೋಜನವಿಲ್ಲ, ಅವರಲ್ಲೂ ಬಿಟ್ಟುಕೊಡಲು ಏನೂ ಇಲ್ಲ. ಅದಕ್ಕೇ ನಮ್ಮ ಬೀದಿಯವರಿಗೆ ಕೂಗುವ ಅಭ್ಯಾಸವೇ ತಪ್ಪಿಹೋಗಿದೆ. ಗಿರಣಿ ನಿಂತ ಸದ್ದು ಕಿವಿಗೆ ಬಿದ್ದದ್ದೇ ಎಲ್ಲರೂ ಕೈಯಲ್ಲಿದ್ದದ್ದನ್ನು ಬಿಟ್ಟು ಸ್ವಿಚ್ಚಿಗೆ ಓಡುತ್ತೇವೆ. ನಮ್ಮ ಅತ್ತೆಯಂತೂ ನಿದ್ದೆಯಲ್ಲಿದ್ದರೂ ಎದ್ದು ಗ್ರೈಂಡರ್ ಹಾಕುತ್ತಾರೆ.

ಮದುಮಗಳ ಅಲಂಕಾರ ಬೆಳಿಗ್ಗೆಯ ಕೆಲಸ ಅನ್ನುವುದನ್ನು ನಾನು ಹೇಳಬೇಕಾಗಿಲ್ಲ. ತಲೆಗೆ ಎರೆದುಕೊಂಡು ಒದ್ದೆ ಕೂದಲಲ್ಲಿ ಬಂದು ಕೂರುತ್ತಾರೆ. ನನ್ನ ಡ್ರೈಯರು ಬಿಸಿಯಾಗುತ್ತದೆ, ಗಾಳಿ ಬರುವುದಿಲ್ಲ. ಸುಟ್ಟ ವಾಸನೆ ಬರುತ್ತದೆ. ಸಾಂಬ್ರಾಣಿ ಹೊಗೆ ಹಿಡಿದು, ಟವೆಲ್ಲಿನಲ್ಲಿ ಬಡಿದು, ಬೀಸಣಿಗೆಯಲ್ಲಿ ಬೀಸಿ ಹೇಗೋ ಜಡೆ ಹಾಕಿ ಕಳಿಸುತ್ತಿದ್ದೆ. ಆ ವರ್ಷ ಕುಂಬಾರಗೇರಿಯ ಒಂದು ಹುಡುಗಿ ಒಳಗೆಲ್ಲ ಹಸಿಯಿದ್ದ ಜಡೆಯಲ್ಲೇ ಹಸೆಮಣೆಗೆ ಹೋದಳು. ಧಾರೆಯ ಹೊತ್ತಿಗೆ ಜಡೆಯಿಂದ ನೀರು ಇಳಿದು ರವಿಕೆಯ ಬೆನ್ನೆಲ್ಲ ನೆನೆದು, ಆಕೆ ಸೀನಿದ್ದೇ ಸೀನಿದ್ದು. ಗಂಡಿನ ಕಡೆಯವರು ಹುಡುಗಿಗೆ ಏನೋ ಕಾಯಿಲೆ ಅಂತ ಗುಸುಗುಸು ಶುರು ಮಾಡಿದರಂತೆ. ಆಕೆಯ ತಾಯಿ ಮರುದಿನ ನನ್ನ ಬಾಗಿಲಿಗೆ ಬಂದು ಬಾಯಿಗೆ ಬಂದದ್ದೆಲ್ಲ ಅಂದಳು. ನಾನು ಒಂದು ಮಾತೂ ಎದುರಾಡಲಿಲ್ಲ. ಎದುರಾಡಬೇಕಾದ್ದು ಆಕೆಯ ಜೊತೆ ಅಲ್ಲ ಅಂತ ಅನಿಸಿತು. ನೇರವಾಗಿ ಗಿರಣಿಗೆ ಹೋದೆ.

ಭೂಷಣಯ್ಯನವರು ಬಿಳಿ ಪಂಚೆಯುಟ್ಟು ತೂಕದ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ನಮ್ಮ ಪಾರ್ಲರಿನ ಮನೆಯೂ ಅವರದೇ. ಬೆಳಗಿನ ಹೊತ್ತು ಒಂದು ತಾಸು ಗಿರಣಿ ತಡವಾಗಿ ಹಾಕಿ, ಮದುವೆಯ ದಿನಗಳಲ್ಲಿ ಮಾತ್ರ ಸಾಕು ಅಂತ ಕೇಳಿದೆ.

"ಏನಮ್ಮಾ ಚೂಡಾಮಣಿ, ಕೂದ್ಲು ಒಣಗ್ಸೋಕೆ ಅಂತ ಊರಿನ ಹಿಟ್ಟು ನಿಲ್ಸಕ್ಕಾಗ್ತದಾ? ಬಿಸಿಲಲ್ಲಿ ನಿಲ್ಸು."

"ಅಷ್ಟು ಬೆಳಿಗ್ಗೆ ಎಲ್ಲಿಂದ ತರ್ಲಿ ಯಜಮಾನ್ರೇ ಬಿಸಿಲು?"

"ಹಂಗಾದ್ರೆ ದೋಣಿ ಬಿಡು. ಗೆಲ್ಲು. ಹೊತ್ತು ನೀನೇ ಹೇಳು. ನಾನೇನ್ ಬೇಡ ಅಂದ್ನಾ?" ಅಂದರು. ತೂಕದವನೂ ಮೂಟೆ ಹೊರುವವರೂ ನಕ್ಕರು. ನಾನೂ ನಕ್ಕೆ, ಹಲ್ಲು ಕಚ್ಚಿಕೊಂಡು.

ದೋಣಿಯ ವಿಷಯ ಹೇಳಬೇಕು. ಕೆರೆ ಕೋಡಿ ಬಿದ್ದ ಮೇಲಿನ ಮೊದಲ ಭಾನುವಾರ ನಮ್ಮಲ್ಲಿ ದೋಣಿ ಪಂದ್ಯ. ಮನುಷ್ಯರು ಕೂರುವ ದೋಣಿ ಅಲ್ಲ. ಮೊಳದುದ್ದದ ಆಟದ ದೋಣಿ, ಮೋಟರು ಕೂರಿಸಿ ದಡದಲ್ಲಿ ನಿಂತು ರಿಮೋಟಿನಲ್ಲಿ ಓಡಿಸುವುದು. ಅತ್ತ ದಡದ ಮಂಟಪ ಮುಟ್ಟಿ ಯಾರ ದೋಣಿ ಮೊದಲು ಮರಳುತ್ತದೋ ಅವರು ನೀರಿಗಿಳಿದು ಅದನ್ನು ಎತ್ತಿಕೊಂಡು, ಕಾಲು ಒಣಗುವುದರೊಳಗೆ ಮೆಟ್ಟಿಲ ಮೇಲೆ ನಿಂತು ಹೊತ್ತು ಹೇಳಬೇಕು. ಯಾವ ಬೀದಿಯವರು ಯಾವಾಗ ತಿರುಗಿಸಬೇಕು, ಗಿರಣಿ ಯಾವಾಗ, ಬೇಕರಿ ಯಾವಾಗ, ಎಲ್ಲ. ಆ ವರ್ಷಕ್ಕೆ ಅದೇ ಕಾಯಂ. ಬೇರೆ ಊರುಗಳಲ್ಲಿ ಇಂಥದ್ದನ್ನೆಲ್ಲ ಓಟು ಹಾಕಿ ತೀರ್ಮಾನಿಸುತ್ತಾರಂತೆ, ಅದನ್ನು ಕೇಳಿದರೆ ನಮಗೆ ನಗು ಬರುತ್ತದೆ. ಈ ಪಂದ್ಯದಲ್ಲಿ ಭೂಷಣಯ್ಯನವರ 'ಗಜಲಕ್ಷ್ಮಿ' ಸೋತದ್ದನ್ನು ನಾನು ಕಂಡಿಲ್ಲ. ಅವರ ಮೋಟರು ಎಲ್ಲರದಕ್ಕಿಂತ ದೊಡ್ಡದು. ಅದು ಗುರ್ ಅಂದ ಕೂಡಲೇ ಅಕ್ಕಪಕ್ಕದ ದೋಣಿಗಳ ತಿರುಗಾಟವನ್ನೆಲ್ಲ ಎಳೆದುಕೊಳ್ಳುತ್ತದೆ. ಮಿಕ್ಕವು ನೀರಿನಲ್ಲಿ ಬಿದ್ದ ತೆಂಗಿನಚಿಪ್ಪಿನ ಹಾಗೆ ಅಲ್ಲಾಡುತ್ತಾ ನಿಲ್ಲುತ್ತವೆ.

ಅಂದರೆ ಗೆಲ್ಲಬೇಕಾದರೆ ದೊಡ್ಡ ಮೋಟರು ಬೇಕು ಅಂತ ಊರೆಲ್ಲ ನಂಬಿತ್ತು. ನನಗೆ ಹಾಗನ್ನಿಸಲಿಲ್ಲ. ಕೆಟ್ಟುಹೋದ ಡ್ರೈಯರುಗಳನ್ನು ಬಿಚ್ಚಿ ಬಿಚ್ಚಿ ನನಗೆ ಮೋಟರಿನ ಹುಚ್ಚು ಹಿಡಿದು ಬಹಳ ಕಾಲವಾಗಿತ್ತು. ಮೋಟರು ಅಂದರೆ ಬರೀ ಹೊಟ್ಟೆ, ಅದಕ್ಕೆ ತಲೆ ಇಲ್ಲ. ಕೊಟ್ಟಷ್ಟು ತಿನ್ನುತ್ತದೆ, ಎಳೆದರೆ ಬಿಟ್ಟುಕೊಡುತ್ತದೆ. ತಲೆ ಅಂದರೆ ಅದರ ಬೋರ್ಡು. ಎಷ್ಟು ಕರೆಂಟು, ಯಾವಾಗ, ಎಷ್ಟು ಹೊತ್ತು ಅನ್ನುವುದನ್ನು ಅದು ನೋಡಿಕೊಳ್ಳುತ್ತದೆ. ಅಂಗಡಿಯಲ್ಲಿ ಸಿಗುವ ಬೋರ್ಡುಗಳು ಬೇರೆ ಊರಿನವರು ಮಾಡಿದ್ದು, ಅವರಿಗೆ ನಮ್ಮ ಕಷ್ಟ ಏನು ಗೊತ್ತು? ನಮಗೆ ಬೇಕಾದ್ದು, ಯಾರಾದರೂ ಎಳೆದಾಗ ಆ ಕ್ಷಣವೇ ತಿಳಿದುಕೊಂಡು ಗಟ್ಟಿಯಾಗಿ ಹಿಡಿದುಕೊಳ್ಳುವ ಬೋರ್ಡು. ಅದನ್ನು ನಾನೇ ಮಾಡುತ್ತೇನೆ ಅಂತ ಹಟಕ್ಕೆ ಬಿದ್ದೆ.

ಬೋರ್ಡು ಮಾಡುವುದಕ್ಕೆ ಪಾರ್ಲರಿಗಿಂತ ಒಳ್ಳೆಯ ಜಾಗ ಇಲ್ಲ. ಗೆರೆಗಳನ್ನು ಜೆರಾಕ್ಸಿನವನ ಹತ್ತಿರ ನುಣುಪು ಕಾಗದದ ಮೇಲೆ ತೆಗೆಸಿ, ತಾಮ್ರದ ಹಾಳೆಯ ಮೇಲೆ ಬೋರಲು ಹಾಕಿ, ಕೂದಲು ನೇರ ಮಾಡುವ ಸ್ಟ್ರೇಟನರಿನ ನಡುವೆ ಇಟ್ಟು ಒತ್ತಿದರೆ ಮಸಿಯೆಲ್ಲ ತಾಮ್ರಕ್ಕೆ ಅಂಟಿಕೊಳ್ಳುತ್ತದೆ. ಗೆರೆ ಹರಿದಿದ್ದರೆ ನೇಲ್ ಪಾಲಿಶ್ ಹಚ್ಚಿ ಕೂಡಿಸುತ್ತೇನೆ. ಆಮೇಲೆ ಫೇಶಿಯಲ್ ಬಟ್ಟಲಲ್ಲಿ ತಾಮ್ರ ತಿನ್ನುವ ದ್ರಾವಣ ಸುರಿದು ಅದರಲ್ಲಿ ಅದ್ದಿಡುತ್ತೇನೆ. ಗೆರೆ ಇದ್ದಲ್ಲಿ ತಾಮ್ರ ಉಳಿಯುತ್ತದೆ, ಮಿಕ್ಕದ್ದು ಕರಗುತ್ತದೆ. ದ್ರಾವಣಕ್ಕೆ ಗಟ್ಟಿ ಡಿಕಾಕ್ಷನ್ನಿನ ಬಣ್ಣ. ಒಮ್ಮೆ ನಮ್ಮ ಅತ್ತೆ ಅದಕ್ಕೆ ಹಾಲು ಬೆರೆಸಲು ಹೊರಟು, ನಾನು ಕಿರುಚಿದ ರಭಸಕ್ಕೆ ಹಾಲಿನ ಪಾತ್ರೆಯನ್ನೇ ಕೆಡವಿದರು. ಕೊನೆಗೆ ಮಸಿ ತೆಗೆಯಲು ಪಾಲಿಶ್ ತೆಗೆಯುವ ರಿಮೂವರು. ಬಿಡಿಭಾಗ ಕೂರಿಸಲು ಎಲ್ಲರೂ ಬೋರ್ಡಿಗೆ ತೂತು ಕೊರೆಯುತ್ತಾರೆ, ಆದರೆ ಕೊರೆಯುವುದೆಂದರೆ ತಿರುಗುವುದು. ನಮ್ಮ ಬೀದಿಯಲ್ಲಿ ಅದು ಆಗದ ಮಾತು. ಅದಕ್ಕೇ ನನ್ನದು ತೂತೇ ಇಲ್ಲದ ಬೋರ್ಡು. ಸಾಸಿವೆಯಷ್ಟು, ಎಳ್ಳಿನಷ್ಟು ಇರುವ ಭಾಗಗಳನ್ನು ಮೇಲೆಯೇ ಇಟ್ಟು ಬೆಸುಗೆ ಹಾಕುವುದು. ಹುಬ್ಬಿನ ಒಂದೊಂದೇ ಕೂದಲನ್ನು ಚಿಮಟದಲ್ಲಿ ಹಿಡಿದು ಕೀಳುವ ಕೈಗೆ ಅದೇನು ಮಹಾ?

ಮಹಾ ಅಲ್ಲ ಅಂದುಕೊಂಡೆ, ಆದರೆ ಮೊದಲಿನ ಬೋರ್ಡುಗಳು ನನ್ನ ಗರ್ವವನ್ನೆಲ್ಲ ಸುಟ್ಟುಹಾಕಿದವು. ಮೋಟರಿನ ಅಚ್ಚಿಗೆ ಕಡಲೆಬೇಳೆಯಷ್ಟು ಅಯಸ್ಕಾಂತ ಅಂಟಿಸಿ, ಪಕ್ಕದಲ್ಲಿ ಅದನ್ನು ಎಣಿಸುವ ಒಂದು ಭಾಗ ಇಟ್ಟಿದ್ದೆ. ಸುತ್ತು ಕಡಿಮೆಯಾದರೆ ಬೋರ್ಡು ಹೆಚ್ಚು ಕರೆಂಟು ಕೊಡಬೇಕು. ಕೊಟ್ಟಿತು, ಕೊಡುತ್ತಲೇ ಹೋಯಿತು. ಎಷ್ಟು ಕೊಡಬಹುದು ಅಂತ ನಾನು ಹೇಳಿರಲಿಲ್ಲವಲ್ಲ! ಟಪ್ ಅಂತ ಕರೆಂಟು ಬಿಡುವ ಮಾಸ್ಫೆಟ್ ಸಿಡಿದು, ಬ್ಲೀಚ್ ಮಾಡಿಸಿಕೊಳ್ಳಲು ಕೂತಿದ್ದ ಹೆಂಗಸು ಮುಖದ ತುಂಬ ಬಿಳಿ ಬಳಿದುಕೊಂಡೇ ಬೀದಿಗೆ ಓಡಿದಳು. ಅದಕ್ಕೊಂದು ಮಿತಿ ಹಾಕಿದೆ.

ಎರಡನೆಯದರ ಕಥೆ ಬೇರೆ. ಬೋರ್ಡು ತನಗೆ ಸಿಗದೆ ಹೋದ ಸುತ್ತುಗಳನ್ನು ಒಳಗೇ ಕೂಡಿಡುತ್ತಾ ಹೋಗುತ್ತದೆ, ಎಷ್ಟು ಕೂಡಿತೋ ಅಷ್ಟು ಜೋರಾಗಿ ತಳ್ಳಲಿ ಅಂತ. ಅದನ್ನು ಟೇಬಲ್ ಫ್ಯಾನಿಗೆ ಹಾಕಿ ಬೆಳಿಗ್ಗೆ ಬಿಟ್ಟೆ. ಸುತ್ತು ಇಳಿದದ್ದನ್ನು ಗಮನಿಸುವುದರಲ್ಲಿ ಬೋರ್ಡು ತೀರಾ ನಿಧಾನ, ಅದು ಎಚ್ಚೆತ್ತುಕೊಳ್ಳುವುದರೊಳಗೆ ಗಿರಣಿ ಎಲ್ಲ ಎಳೆದುಕೊಂಡಿತ್ತು. ಫ್ಯಾನು ಸುಮ್ಮನೆ ನಿಂತಿತ್ತು, ನಾನೂ ಮರೆತೆ. ಮಧ್ಯಾಹ್ನ ಗಿರಣಿ ನಿಂತಿತು ನೋಡಿ, ಬೆಳಗಿನಿಂದ ಕೂಡಿಟ್ಟದ್ದನ್ನೆಲ್ಲ ಫ್ಯಾನು ಒಂದೇ ಏಟಿಗೆ ವಸೂಲಿ ಮಾಡಲು ಹೊರಟಿತು. ಮೇಜಿನಿಂದ ಹಾರಿ, ಅತ್ತೆ ಒಣಹಾಕಿದ್ದ ಸಂಡಿಗೆಯ ಮೇಲೆ ಬಿದ್ದು, ಸಂಡಿಗೆಯನ್ನು ಬೀದಿಯ ತುದಿಯವರೆಗೂ ಎರಚಿತು.

ಅತ್ತೆ ಸೊಂಟಕ್ಕೆ ಕೈಕೊಟ್ಟು ನಿಂತರು. "ಏನೇ ಇದು ಚೂಡಾ, ಫ್ಯಾನಿಗೂ ಸಿಟ್ಟು ಬರೋ ಹಂಗೆ ಮಾಡಿದ್ದೀಯಲ್ಲೇ?"

"ಅರ್ಧ ದಿನ ತಡ್ಕೊಂಡಿದ್ದಕ್ಕೇ ಅದು ಹಿಂಗಾಡ್ತು ಅತ್ತೆ. ನಾವು ಎಷ್ಟು ವರ್ಷದಿಂದ ತಡ್ಕೊಂಡಿದ್ದೀವಿ?"

"ನಾವು ಸಂಡಿಗೆ ಚೆಲ್ಲಿಲ್ಲ" ಅಂದು ಬಗ್ಗಿ ಆರಿಸತೊಡಗಿದರು. ನಮ್ಮ ಅತ್ತೆ ಯಾವತ್ತೂ ಹಾಗೆಯೇ. ಗಿರಣಿಯ ಯಜಮಾನರು ಎದುರಿಗೆ ಬಂದರೆ ಸೆರಗು ಹೊದ್ದು ಗೋಡೆಗೆ ಅಂಟಿಕೊಳ್ಳುವವರು.

ಕೂಡಿಡುವುದಕ್ಕೂ ಒಂದು ಮಿತಿ ಹಾಕಿದೆ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ನೂರಾರು ಸಲ ಸುತ್ತು ಎಣಿಸಿ ನೋಡುವ ಹಾಗೆ ಬೋರ್ಡನ್ನು ಚುರುಕು ಮಾಡಿದೆ. ಒಂದು ಬೆಳಿಗ್ಗೆ ಗಿರಣಿ ಏಳುವ ಮೊದಲೇ ಫ್ಯಾನು ಹಾಕಿ ಕೂತೆವು. ಗಿರಣಿ ಗುಡುಗಿತು. ಪಕ್ಕದ ಮನೆಯ ಹೊಲಿಗೆ ಮೆಷಿನ್ನಿನ ಸದ್ದು ಸತ್ತಿತು. ನಮ್ಮ ಫ್ಯಾನು ಒಮ್ಮೆ ನಡುಗಿತು. ಮತ್ತೆ ತಿರುಗುತ್ತಲೇ ಇತ್ತು. ಅತ್ತೆಯ ಹಣೆಯ ಮೇಲಿನ ನರೆಗೂದಲು ಗಾಳಿಗೆ ಅಲ್ಲಾಡುವುದನ್ನು ಬೆಳಗಿನ ಹೊತ್ತಿನಲ್ಲಿ ಅವತ್ತೇ ನಾನು ನೋಡಿದ್ದು. ನನಗೆ ಅಳು ಬಂತು. ಅತ್ತೆ ಮಾತ್ರ "ಯಾರಾದ್ರೂ ನೋಡಾರು, ಬಾಗ್ಲು ಹಾಕೇ" ಅಂದರು. ಹಾಕಿದೆ. ಪಂದ್ಯದವರೆಗೆ ಗುಟ್ಟಾಗಿಯೇ ಇರಲಿ ಅಂತ.

ಶಾಂಪೂ ಡಬ್ಬಿಗಳನ್ನು ಅಂಟಿಸಿ ದೋಣಿ ಮಾಡಿದೆ, ಬೋರ್ಡು ಕೂರಿಸಿದೆ. ಲಾಜರ್ ಮಾಸ್ತರ ಜೊತೆ ಕೆರೆಗೆ ಹೋದೆ. ಮಾಸ್ತರು ನಮ್ಮ ಶಾಲೆಯಲ್ಲಿ ಡ್ರಾಯಿಂಗ್ ಕಲಿಸುವವರು, ಹಗುರ ಮರದಲ್ಲಿ ದೋಣಿ ಕೆತ್ತುವುದರಲ್ಲಿ ಅವರನ್ನು ಬಿಟ್ಟರಿಲ್ಲ, ಪ್ರತಿ ವರ್ಷ ಸೋಲುವುದರಲ್ಲೂ ಅಷ್ಟೇ. ಅವತ್ತು ಭೂಷಣಯ್ಯನವರು ಗಜಲಕ್ಷ್ಮಿಯನ್ನು ಅಭ್ಯಾಸಕ್ಕೆ ಬಿಟ್ಟಿದ್ದರು, ಇನ್ನೂ ಕೆಲವು ದೋಣಿಗಳಿದ್ದವು. ನನ್ನದು ನಿಲ್ಲಲಿಲ್ಲ. ಆದರೆ ಗಜಲಕ್ಷ್ಮಿ ಮಿಕ್ಕವುಗಳದ್ದನ್ನೆಲ್ಲ ಎಳೆದುಕೊಂಡು ನನ್ನದರ ಪಕ್ಕದಲ್ಲೇ ನೀರು ಸೀಳಿಕೊಂಡು ಹೋಯಿತು. ನಾನು ದಡದಲ್ಲಿ ಬೆಪ್ಪಾಗಿ ನಿಂತೆ. ನಾನೊಬ್ಬಳು ಹಿಡಿದುಕೊಂಡರೆ ಭೂಷಣಯ್ಯನವರಿಗೇನು ನಷ್ಟ? ಉಳಿದವರದ್ದು ಇದೆಯಲ್ಲ.

"ಎಲ್ರಿಗೂ ಮಾಡಿಕೊಡ್ಬೇಕು ಮಾಸ್ಟ್ರೇ" ಅಂದೆ.

ಮಾಸ್ತರು ಕನ್ನಡಕ ಸರಿಮಾಡಿಕೊಂಡರು. "ಎಲ್ರಿಗೂ ಕೊಟ್ರೆ ನೀವು ಗೆಲ್ಲೋದು ಹೆಂಗೆ ಚೂಡಮ್ಮೋರೆ? ನಿಮ್ ದೋಣಿ, ತಪ್ಪು ತಿಳ್ಕೋಬೇಡಿ, ಶಾಂಪೂ ಡಬ್ಬಿ."

"ನಾನೇ ಗೆಲ್ಬೇಕು ಅಂತೇನಿಲ್ಲ. ನೀವು ಗೆದ್ರೆ ನಮ್ ಬೀದಿಗೆ ಬೆಳಿಗ್ಗೆ ಹೊತ್ತು ಹೇಳ್ತೀರಾ?"

"ದೇವರಾಣೆ" ಅಂದರು ಮಾಸ್ತರು. ದೋಣಿ ಬಿಡುವ ಮಿಕ್ಕವರೂ ಹಾಗೆಯೇ ಮಾತು ಕೊಟ್ಟರು. ಅತ್ತೆ ಮಾತ್ರ ತಲೆ ಚಚ್ಚಿಕೊಂಡರು. "ಕಣ್ಣು ಕೆಡಿಸ್ಕೊಂಡು ಮಾಡಿದ್ದನ್ನ ಬೀದಿಬೀದಿಗೆ ಹಂಚ್ತೀಯಾ? ಮಾತು ಕೊಟ್ಟೋರೆಲ್ಲ ಉಳಿಸ್ಕೋತಾರೇನೇ?" ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಭೂಷಣಯ್ಯ ಒಬ್ಬರನ್ನು ಬಿಟ್ಟು ಎಲ್ಲ ದೋಣಿಗೂ ಬೋರ್ಡು ಮಾಡಿದೆ. ಆ ದಿನಗಳಲ್ಲಿ ನನ್ನ ಹತ್ತಿರ ಹುಬ್ಬು ತಿದ್ದಿಸಿಕೊಂಡವರ ಹುಬ್ಬುಗಳು ಒಂದರ ಹಾಗೆ ಇನ್ನೊಂದು ಇರಲಿಲ್ಲ ಅಂತ ಈಗಲೂ ಆಡಿಕೊಳ್ಳುತ್ತಾರೆ.

ಪಂದ್ಯದ ಬೆಳಿಗ್ಗೆ ಕೆರೆಯ ಮೆಟ್ಟಿಲ ಮೇಲೆ ಎಳ್ಳು ಹಾಕಲು ಜಾಗವಿರಲಿಲ್ಲ. ಅಷ್ಟು ದೂರದಲ್ಲಿ ಗಿರಣಿ ಎಂದಿನಂತೆ ಓಡುತ್ತಿತ್ತು, ಸದ್ದು ಕೇಳುತ್ತಿತ್ತು. ಪೀಪಿ ಊದಿದರು, ದೋಣಿಗಳು ಹೊರಟವು. ಗಜಲಕ್ಷ್ಮಿ ಗುರ್ ಅಂದಿತು. ನಮ್ಮ ದೋಣಿಗಳೆಲ್ಲ ಒಮ್ಮೆ ನಡುಗಿದವು. ದೋಣಿಗಳು ಮತ್ತೆ ಹೊರಟವು, ಒಂದೂ ಬಿಟ್ಟುಕೊಡಲಿಲ್ಲ. ದೊಡ್ಡ ಹೊಟ್ಟೆಯ ಗಜಲಕ್ಷ್ಮಿ ತಿನ್ನಲು ಏನೂ ಸಿಗದೆ ಕೆರೆಯ ನಡುವೆ ಉಬ್ಬಸ ಬಿಡುತ್ತಾ ನಿಂತಿತು. ಮೆಟ್ಟಿಲ ಮೇಲೆ ಯಾರೋ ಹೆಂಗಸು ಕಿಸಕ್ಕನೆ ನಕ್ಕಳು. ಅಷ್ಟೇ ಸಾಕಾಯಿತು, ಇಡೀ ದಂಡೆ ನಕ್ಕಿತು.

ಭೂಷಣಯ್ಯನವರು ಕೆಂಪಾದರು. ಫೋನು ತೆಗೆದು "ಗಿರಣಿ ನಿಲ್ಸೋ! ಈಗ್ಲೇ ನಿಲ್ಸು!" ಅಂತ ಕೂಗಿದರು. ಗಿರಣಿಯ ತಿರುಗಾಟವೆಲ್ಲ ಬಿಡುಗಡೆಯಾಗಿ ದೋಣಿಗೆ ಬರಲಿ ಅಂತ. ಲೆಕ್ಕಾಚಾರವೇನೋ ಸರಿ. ಆದರೆ ಅವರು ತಮ್ಮ ಗಿರಣಿಯ ಹಿಂದೆ ಒಂದು ದಿನವೂ ಬಾಳಿದವರಲ್ಲ. ಗಿರಣಿಯ ಸದ್ದು ನಿಂತಿತು. ನಮ್ಮ ಬೀದಿಯಲ್ಲಿ ಪಂದ್ಯಕ್ಕೆ ಬಾರದೆ ಮನೆಯಲ್ಲೇ ಉಳಿದಿದ್ದ ಮುದುಕಿಯರು, ಬಾಣಂತಿಯರು, ಅಡುಗೆಗೆ ನಿಂತವರು, ಎಲ್ಲರೂ ಒಟ್ಟಿಗೆ ಸ್ವಿಚ್ಚಿಗೆ ಓಡಿದರು. ಗ್ರೈಂಡರು, ಮಿಕ್ಸಿ, ಫ್ಯಾನು, ಮೆಷಿನ್ನು. ಕೆರೆಯ ದಡದವರೆಗೂ ನಮ್ಮ ಬೀದಿಯ ಗದ್ದಲ ತೇಲಿಬಂತು. ಕೆರೆಗೆ ಏನೂ ಬರಲಿಲ್ಲ. ಗಜಲಕ್ಷ್ಮಿ ಕೂಗಾಡುತ್ತಾ ಒಂದು ಸುತ್ತು ತಿರುಗಿ ತೆಪ್ಪಗಾಯಿತು. ಲಾಜರ್ ಮಾಸ್ತರ ದೋಣಿ ಮಂಟಪ ಮುಟ್ಟಿ ಎಲ್ಲರಿಗಿಂತ ಮೊದಲು ಮರಳಿತು. ನನ್ನ ಶಾಂಪೂ ಡಬ್ಬಿ ಕೊನೆಗೆ ಬಂತು, ಆದರೆ ಬಂತು.

ನಾನು ಕುಣಿದುಬಿಟ್ಟೆ. ಮಾಸ್ತರು ಮೊಣಕಾಲವರೆಗೆ ನೀರಿಗಿಳಿದು ದೋಣಿ ಎತ್ತಿಕೊಂಡು ಮೆಟ್ಟಿಲಿಗೆ ಬಂದರು. ಅಷ್ಟರಲ್ಲಿ ಭೂಷಣಯ್ಯನವರು ಅವರ ಪಕ್ಕಕ್ಕೆ ಬಂದು ನಿಂತರು. ಬೈಯಲಿಲ್ಲ, ಗದರಿಸಲಿಲ್ಲ. ಮಾಸ್ತರ ಹೆಗಲ ಮೇಲೆ ಕೈಯಿಟ್ಟು, "ಹೇಳಿ ಮಾಸ್ಟ್ರೇ, ಕೇಳೋಣ. ಶಾಲೆ ಕಮಿಟಿಯೋರೆಲ್ಲ ಇಲ್ಲೇ ಇದ್ದೀವಿ" ಅಂದರು. ಕಮಿಟಿಯ ಅಧ್ಯಕ್ಷರು ಅವರೇ.

ಮಾಸ್ತರ ಪಂಚೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ನನ್ನ ಕಡೆ ನೋಡಿದರು, ಕಾಲಿನ ಕಡೆ ನೋಡಿಕೊಂಡರು. "ಹೋದ... ಹೋದ ವರ್ಷದ್ದೇ ಇರ್ಲಿ" ಅಂದರು.

ನನಗೆ ಭೂಷಣಯ್ಯನವರ ಮೇಲೆ ಬಂದ ಸಿಟ್ಟಿಗಿಂತ ಮಾಸ್ತರ ಮೇಲೆ ಹೆಚ್ಚು ಬಂತು, ಅದಕ್ಕಿಂತ ಹೆಚ್ಚು ನನ್ನ ಮೇಲೆಯೇ. ಹಿಡಿದುಕೊಳ್ಳುವುದನ್ನು ಮೋಟರಿಗೆ ಕಲಿಸಿದೆ, ಮನುಷ್ಯರಿಗೆ ಅದನ್ನು ಕಲಿಸುವುದು ಹೇಗೆ? ದೋಣಿ ಕಂಕುಳಲ್ಲಿ ಅವುಚಿಕೊಂಡು, ಯಾರ ಮುಖವನ್ನೂ ನೋಡದೆ ಮನೆಗೆ ಬಂದೆ.

ಅತ್ತೆ ದೋಸೆ ಹಿಟ್ಟು ರುಬ್ಬಿ ಮುಗಿಸಿ ಖುಷಿಯಾಗಿ ಕೂತಿದ್ದರು. "ಗಿರಣಿ ಬೆಳಿಗ್ಗೇನೇ ನಿಂತ್ಕೊಂತಲ್ಲೇ! ಗೆದ್ಯಾ?" ಅಂದರು. ನಡೆದದ್ದನ್ನೆಲ್ಲ ಹೇಳಿ, "ಇನ್ನೊಂದು ವರ್ಷ ಇದೇ ಗತಿ ಅತ್ತೆ. ನೀವು ಹೇಳಿದ್ದೇ ಸರಿ ಆಯ್ತು" ಅಂದೆ. ಅವರು ಎಂದಿನಂತೆ ಹಣೆಬರಹ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದರು.

"ಅಲ್ವೇ ಚೂಡಾ, ಅವತ್ತು ಬೆಳಿಗ್ಗೆ ನಮ್ ಫ್ಯಾನು ತಿರುಗ್ತಲ್ಲ, ಗಿರಣಿ ಓಡ್ತಿದ್ದಾಗ್ಲೇ?"

"ಹ್ಞೂಂ, ತಿರುಗ್ತು."

"ಯಾರ್ನ ಕೇಳಿ ತಿರುಗ್ತು?"

ಹುಟ್ಟಿದಾಗಿನಿಂದ ಹೊತ್ತು ಕೇಳಿಕೊಂಡೇ ಬೆಳೆದವರು ನಾವು. ಕೇಳಬೇಕಾಗಿಲ್ಲದ ವಸ್ತುವನ್ನು ಕೈಯಾರೆ ಮಾಡಿ, ಅದನ್ನು ಹೊತ್ತುಕೊಂಡು ಮತ್ತೆ ಹೊತ್ತು ಕೇಳುವುದಕ್ಕೇ ಕೆರೆಗೆ ಹೋಗಿದ್ದೆ! ಬಾಗಿಲು ಹಾಕೇ ಅಂದಿದ್ದ ಅತ್ತೆಗೆ ಹೊಳೆದದ್ದು ನನಗೆ ಹೊಳೆದಿರಲಿಲ್ಲ. "ಹೊತ್ತು ಅವರದೇ ಇಟ್ಕೊಳ್ಲಿ ಬಿಡು. ನಂಗೊಂದು ಮಾಡ್ಕೊಡು, ಗ್ರೈಂಡರಿಗೆ" ಅಂದರು ನಿಂಗಾಜಮ್ಮ.

ಅವರಿಗೊಂದು ಮಾಡಿದೆ. ಪಕ್ಕದ ಮನೆಯ ಹೊಲಿಗೆ ಮೆಷಿನ್ನಿಗೊಂದು. ಆಮೇಲೆ ಬಾಗಿಲು ಹಾಕಲಿಲ್ಲ. ಪಾರ್ಲರಿಗೆ ಬಂದವರು ತಮ್ಮ ಸರದಿ ಕಾಯುತ್ತಾ ಚಿಮಟ ಹಿಡಿದು ಎಳ್ಳಿನಷ್ಟು ಭಾಗಗಳನ್ನು ಕೂರಿಸುವುದನ್ನು ಕಲಿತರು. ಮೆಹಂದಿ ಹಾಕುವ ಹುಡುಗಿಯರ ಕೈ ಎಷ್ಟು ನಿಖರ ಅಂತೀರಿ! ಬೀದಿಯ ಮನೆಗಳಲ್ಲಿ ಬೆಳಗಿನ ಹೊತ್ತು ಒಂದೊಂದೇ ತಿರುಗತೊಡಗಿತು. ಗಿರಣಿಯ ಗುಡುಗು ಸಣ್ಣದಾಗುತ್ತಾ ಬಂತು. ಹಿಟ್ಟು ತಡವಾಗುತ್ತದೆ ಅಂತ ಅರ್ಧ ಊರು ನನ್ನನ್ನು ಶಪಿಸಿತು, ಅದನ್ನು ಮುಚ್ಚಿಟ್ಟು ಏನು ಮಾಡಲಿ? ಲಾಜರ್ ಮಾಸ್ತರು ಒಂದು ದಿನ ಬೀದಿಯ ತುದಿಯವರೆಗೆ ಬಂದು, ನನ್ನನ್ನು ಕಂಡು ತಲೆ ತಗ್ಗಿಸಿ ವಾಪಸು ಹೋದರು. ನಾನು ಕರೆಯಲಿಲ್ಲ.

ಮದುವೆಯ ದಿನಗಳು ಶುರುವಾದವು. ಒಂದು ಬೆಳಿಗ್ಗೆ ಗಿರಣಿ ಏಳಲೇ ಇಲ್ಲ. ಅದು ಒಮ್ಮೆ ಎದ್ದರೆ ಹೇಗೋ ಓಡುತ್ತದೆ, ಏಳುವಾಗ ಮಾತ್ರ ಸುತ್ತಲಿನದೆಲ್ಲ ಬೇಕು. ಅವತ್ತು ಸುತ್ತಲಿನ ಯಾರೂ ಬಿಡಲಿಲ್ಲ. ಮೂರು ನಾಲ್ಕು ಸಲ ಮುಲುಗಿ, ಬೆಲ್ಟು ಜಾರಿ ಸುಮ್ಮನಾಯಿತು. ನನ್ನ ಕುರ್ಚಿಯಲ್ಲಿ ಮದುಮಗಳು ಕೂತಿದ್ದಳು, ಸೊಂಟದ ಕೆಳಗಿನವರೆಗೂ ಒದ್ದೆ ಕೂದಲು. ಬೋರ್ಡು ಕೂರಿಸಿದ ಡ್ರೈಯರಿನಲ್ಲಿ ಗಾಳಿ ಭರ್ ಅಂತ ಬರುತ್ತಿತ್ತು. ಪರದೆಯ ಆಚೆ ಬಿಳಿ ಪಂಚೆ ಕಾಣಿಸಿತು.

"ಗಂಡಸ್ರು ಒಳಗೆ ಬರೋ ಹಂಗಿಲ್ಲ ಯಜಮಾನ್ರೇ. ಅಲ್ಲೇ ನಿಂತು ಮಾತಾಡಿ" ಅಂದೆ.

"ಇದು ನನ್ನ ಹೊತ್ತು ಚೂಡಾಮಣಿ. ಕೆರೆ ಮೆಟ್ಲ ಮೇಲೆ ಹೇಳಿದ್ದು."

"ನಿಮ್ದೇ. ಯಾರು ಇಲ್ಲ ಅಂದ್ರು? ತಿರುಗ್ಸಿಕೊಳ್ಳಿ. ನಮ್ದನ್ನ ನಾವು ಬಿಡ್ತಿಲ್ಲ, ಅಷ್ಟೇ."

"ಹಂಗಾದ್ರೆ ಮನೆ ಖಾಲಿ ಮಾಡು."

ಆ ಮನೆ ಬಿಟ್ಟರೆ ನನಗೂ ಅತ್ತೆಗೂ ಹೋಗಲು ಬೇರೆ ಜಾಗವಿರಲಿಲ್ಲ. ಆದರೆ ಬಾಯಿ ನಿಲ್ಲಲಿಲ್ಲ. "ಮಾಡ್ತೀನಿ. ಈ ಜಾಗಕ್ಕೆ ನೀವು ಯಾರನ್ನ ತಂದು ಕೂರ್ಸಿದ್ರೂ ಅವರಿಗೊಂದು ಬೋರ್ಡು ಮಾಡ್ಕೊಡ್ತೀನಿ. ನಾನು ಯಾವ ಬೀದಿಗೆ ಹೋಗ್ತೀನೋ ಆ ಬೀದೀಗೂ ಮಾಡ್ಕೊಡ್ತೀನಿ. ಈಗ ಇಲ್ಲಿ ಹತ್ತಾರು ಹೆಂಗಸ್ರಿಗೆ ಬೋರ್ಡು ಮಾಡೋಕೆ ಬರ್ತದೆ, ಅವರನ್ನೆಲ್ಲ ಎಲ್ಲಿಗೆ ಕಳಿಸ್ತೀರಿ? ಬೇಕಿದ್ರೆ ನಿಮಗೂ ಒಂದು ಮಾಡ್ಕೊಡ್ತೀನಿ ಯಜಮಾನ್ರೇ. ಆದ್ರೆ ಅದು ಬೇರೆಯೋರದ್ದನ್ನ ಎಳೆಯಲ್ಲ. ಇದ್ದದ್ದನ್ನ ಉಳಿಸ್ಕೊಳ್ತದೆ."

ಹಿಂದಿನ ಕೋಣೆಯಿಂದ ಅತ್ತೆ ಬಂದು ನನ್ನ ಪಕ್ಕ ನಿಂತರು. ಸೆರಗು ಹೊದೆಯಲಿಲ್ಲ. ಗೋಡೆಗೆ ಅಂಟಿಕೊಳ್ಳಲಿಲ್ಲ. ಬೀದಿಯ ಎರಡೂ ಬದಿಯ ಬಾಗಿಲುಗಳಲ್ಲಿ ಹೆಂಗಸರು ಬಂದು ನಿಂತದ್ದು ಪರದೆಯ ಸಂದಿಯಿಂದ ಕಾಣುತ್ತಿತ್ತು. ಒಳಗೆ ಅವರ ಫ್ಯಾನುಗಳು ತಿರುಗುತ್ತಲೇ ಇದ್ದವು. ಭೂಷಣಯ್ಯನವರು ಆ ಬಾಗಿಲುಗಳನ್ನು ಒಂದೊಂದಾಗಿ ತಿರುಗಿ ನೋಡಿದರು.

"ಅಕ್ಕಾ, ಮುಹೂರ್ತಕ್ಕೆ ಹೊತ್ತಾಗ್ತದೆ" ಅಂದಳು ಮದುಮಗಳು.

ಪರದೆಯ ಆಚೆಯಿಂದ ಕೆಮ್ಮು ಕೇಳಿತು. ಆಮೇಲೆ, ಆ ಮನೆತನದವರ ಬಾಯಿಂದ ನಮ್ಮ ಬೀದಿ ಎಂದೂ ಕೇಳದ ಮಾತು ಬಂತು. "ಯಾವಾಗ ಮುಗೀತದಮ್ಮಾ?"

"ಕೂದ್ಲು ಉದ್ದ ಇದೆ ಯಜಮಾನ್ರೇ" ಅಂದೆ. "ಜಗಲಿ ಮೇಲೆ ಕೂತ್ಕೊಳ್ಳಿ. ಆದ್ಮೇಲೆ ಹೇಳ್ತೀನಿ."

ಅವರು ಕೂತರು. ನಾನು ಇನ್ನೊಂದು ಹಿಡಿ ಕೂದಲು ಬಿಡಿಸಿಕೊಂಡು, ಅವತ್ತು ಬೇಕಂತಲೇ ನಿಧಾನವಾಗಿ ಒಣಗಿಸಿದೆ.